ಮೆಟ್ಟಿಲಿಲ್ಲದ ಕೋಟೆ

ಆ ಚಿತ್ರದ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಒಂದು ಕಾಗದದ ಚೂರಿನ ಮೇಲೆ ಎಂಥ ಸಿಟ್ಟು, ಇಷ್ಟು ವಯಸ್ಸಾದರೂ ಬಿಡಲಿಲ್ಲವಲ್ಲ ಎಂದು ನನ್ನ ಮಗಳು ನಗುತ್ತಾಳೆ. ನಗಲಿ. ಅವಳಿಗೆ ಅಪ್ಪನ ಕೈಯಿಂದ ಒಂದೇ ಒಂದು ಏಟು ಬಿದ್ದಿಲ್ಲ. ನನಗೆ ಬಿದ್ದದ್ದರಲ್ಲಿ ಅರ್ಧಕ್ಕರ್ಧ ಆ ಚಿತ್ರದ ಸಲುವಾಗಿಯೇ ಬಿದ್ದವು.

ಎರಡು ಗೇಣು ಅಗಲದ ಜಲವರ್ಣದ ಚಿತ್ರ ಅದು. ದೊಡ್ಡದೊಂದು ಸರೋವರ, ದಂಡೆಯಲ್ಲಿ ಬೂದು ಕಲ್ಲಿನ ಕೋಟೆ, ಮೂಲೆಗೊಂದು ದುಂಡು ಬುರುಜು, ಹಿಂದೆ ಬಿಳಿ ತಲೆಯ ಗುಡ್ಡಗಳು. ಕೋಟೆಯ ಗೋಡೆ ನೆಟ್ಟಗೆ ನೀರಿಗೇ ಇಳಿದಿತ್ತು, ಅದರ ನೆರಳು ನೀರಿನಲ್ಲಿ ತಲೆಕೆಳಗಾಗಿ ಬಿದ್ದಿತ್ತು. ಬಿಳಿಯ ಅಧಿಕಾರಿಯೊಬ್ಬ ದೇಶ ಬಿಟ್ಟು ಹೋಗುವಾಗ ಕುಮಟಾದ ಬಂಗಲೆಯಲ್ಲಿ ಅವನ ಸಾಮಾನನ್ನೆಲ್ಲ ಲಿಲಾವು ಕೂಗಿ ಮಾರಿದ್ದರಂತೆ. ಉಳಿದವರು ಕುರ್ಚಿ, ಮೇಜು, ಪಿಂಗಾಣಿ ಎಂದು ಬಡಿದಾಡುತ್ತಿದ್ದಾಗ ನನ್ನ ಅಪ್ಪಯ್ಯ ಇದನ್ನು ಬಗಲಲ್ಲಿ ಇಟ್ಟುಕೊಂಡು ಹೊನ್ನಾವರಕ್ಕೆ ಬಂದ. ನೂರು ವರ್ಷದ ಹಳೆಯ ಚಿತ್ರ ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಅವನಿಗೆ ಅದನ್ನು ಯಾರು ಹೇಳಿದರೋ ನನಗೆ ತಿಳಿಯದು. ಮನೆಗೆ ಬಂದ ಹೊನ್ನಾವರದವರು ಇದು ನಮ್ಮ ಅಳಿವೆಯ ಆಚೆಯ ದ್ವೀಪದ ಕೋಟೆಯೇ ಸೈ ಎನ್ನುತ್ತಿದ್ದರು. ಕುಮಟಾದವರು ಛೇ, ಇದು ಮಿರ್ಜಾನಿನದು ಎಂದು ವಾದಿಸುತ್ತಿದ್ದರು. ಮಿರ್ಜಾನಿನಲ್ಲಿ ಹಿಮ ಎಲ್ಲಿ ಬೀಳುತ್ತದೆ ಎಂದು ಯಾರೂ ಕೇಳಲಿಲ್ಲ.

ಅಪ್ಪಯ್ಯ ನಾಟಕದ ಪರದೆ ಬರೆಯುತ್ತಿದ್ದ. ಅಪ್ಪನನ್ನು ಏಕವಚನದಲ್ಲಿ ಹೇಳುತ್ತಾಳೆ ಎಂದು ಮುಖ ಸಿಂಡರಿಸಬೇಡಿ, ನಮ್ಮ ಕಡೆ ಮನೆಯೊಳಗೆ ಹಾಗೇ. ನಮ್ಮ ಜಿಲ್ಲೆ ಮುಂಬಯಿಯನ್ನು ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಭಟ್ಕಳದಿಂದ ಕುಮಟಾದವರೆಗೆ ಶಾಲೆಗೊಂದು ವಾರ್ಷಿಕ ಗ್ಯಾದರಿಂಗು, ಊರಿಗೊಂದು ನಾಟಕ ಮಂಡಳಿ. ಎಲ್ಲರಿಗೂ ಪರದೆ ಬೇಕು. ಕರ್ಕಿಯ ಯಕ್ಷಗಾನದವರು ಮಾತ್ರ, ನಮಗೆ ಪರದೆ ಬೇಡ ಮಾರಾಯ, ಭಾಗವತರು ಬಾಯಲ್ಲೇ ಅರಮನೆ ಕಟ್ಟುತ್ತಾರೆ ಎಂದು ಅವನನ್ನು ಛೇಡಿಸುತ್ತಿದ್ದರು. ಹಾಗೆ ಅಂದವರಿಗೆ ಅವನು ಎದುರಿಗೆ ಹಲ್ಲು ಕಿರಿದು, ಮನೆಗೆ ಬಂದು ಪಾತ್ರೆ ಒದೆಯುತ್ತಿದ್ದ.

ಪರದೆಯಲ್ಲಿ ಕಾಡು, ಬೀದಿ, ಅರಮನೆ ಎಂದು ಮೂರು ತರಹ. ಅರಮನೆ ಎಂದರೆ ಈ ಸರೋವರದ ಕೋಟೆಯೇ. ರಾವಣನ ಲಂಕೆಯೂ ಇದೇ, ಕೃಷ್ಣನ ದ್ವಾರಕೆಯೂ ಇದೇ, ಹರಿಶ್ಚಂದ್ರ ಹೆಂಡತಿ ಮಗನನ್ನು ಕರೆದುಕೊಂಡು ಹೊರಟದ್ದೂ ಇದೇ ಬಾಗಿಲಿನಿಂದ. ಒಂದು ತಿದ್ದುಪಡಿ ಮಾತ್ರ ಅಪ್ಪಯ್ಯ ಮಾಡಿಕೊಂಡಿದ್ದ. ನೀರಿನ ದಂಡೆಗೆ ಅರಮನೆ ಕಟ್ಟಿ ಇಳಿಯಲು ಮೆಟ್ಟಿಲೇ ಇಲ್ಲದಿದ್ದರೆ ಹೆಂಗಸರು ಕೊಡ ಹಿಡಿದು ಎಲ್ಲಿ ಇಳಿಯಬೇಕು, ಈ ಬಿಳಿಯರಿಗೆ ಅಷ್ಟೂ ತಿಳಿಯುವುದಿಲ್ಲ ಎಂದು ಬೈದುಕೊಂಡು, ಪರದೆಯಲ್ಲಿ ಬಾಗಿಲಿನಿಂದ ನೀರಿಗೆ ಏಳು ಮೆಟ್ಟಿಲು ಇಳಿಸುತ್ತಿದ್ದ. ಮೊದಲ ಪರದೆಯಿಂದ ಕೊನೆಯದರವರೆಗೆ ಏಳೇ ಮೆಟ್ಟಿಲು.

ಚಿತ್ರವನ್ನು ಮುಟ್ಟಕೂಡದು ಎನ್ನುವುದು ಮನೆಯ ಕಾನೂನು. ನಾನು ಸಣ್ಣವಳಿದ್ದಾಗ ಮಾವಿನಹಣ್ಣಿನ ಕೈಯಲ್ಲಿ ಅದರ ಗಾಜು ಮುಟ್ಟಿದ್ದೆ. ಅವನು ಮತ್ತಿ ಮರದ ಗಜಕಡ್ಡಿಯಿಂದ ನನ್ನ ಬೆರಳಿನ ಗೆಣ್ಣುಗಳ ಮೇಲೆ ಹೊಡೆದ. ನಾಲ್ಕು ದಿನ ಆಯಿ, ಎಂದರೆ ನನ್ನ ತಾಯಿ, ನನಗೆ ಉಣ್ಣಿಸಿದಳು. ಬಟ್ಟೆ ಅಳೆಯುವ ಆ ಕಡ್ಡಿ ನಮ್ಮ ಬೆನ್ನನ್ನೇ ಹೆಚ್ಚು ಅಳೆಯಿತು. ಆಯಿಗೆ ಅನ್ನ ಬಿಸಿಯಾದದ್ದಕ್ಕೆ, ಅನ್ನ ತಣ್ಣಗಾದದ್ದಕ್ಕೆ. ನನಗೆ ಎದುರು ಮಾತಾಡಿದ್ದಕ್ಕೆ. ನನ್ನ ಬಾಯಿ ಆಗಲೂ ಹೀಗೇ ಇತ್ತು.

ನನಗೆ ಹದಿನಾರು ತುಂಬುವ ಹೊತ್ತಿಗೆ ಅವನ ಎರಡೂ ಕಣ್ಣಿಗೆ ಪೊರೆ ಕವಿದಿತ್ತು. ಹೊರಗೆ ಯಾರಿಗೂ ಹೇಳಲಿಲ್ಲ, ಪರದೆ ಬರೆಯುವವನಿಗೆ ಕಣ್ಣಿಲ್ಲ ಎಂದರೆ ಯಾರು ಬರುತ್ತಾರೆ? ಬರೆಯುವುದು ನನ್ನ ಪಾಲಿಗೆ ಬಂತು. ಚಿತ್ರದ ಗಾಜಿನ ಮೇಲೆ ದಾರ ಬಿಗಿದು ಚೌಕ ಮಾಡುವುದು, ಗೋಡೆಯ ತುಂಬ ಹೊಡೆದ ಮಾದರಪಾಟಿನ ಬಟ್ಟೆಯ ಮೇಲೂ ಅಷ್ಟೇ ಚೌಕ ಎಳೆಯುವುದು, ಒಂದೊಂದು ಚೌಕದಲ್ಲಿ ಇದ್ದದ್ದನ್ನು ಇಲ್ಲಿಂದ ಅಲ್ಲಿಗೆ ದೊಡ್ಡದು ಮಾಡಿ ಇಳಿಸುವುದು. ಅವನು ಹಿಂದೆ ಮಣೆಯ ಮೇಲೆ ಗಜಕಡ್ಡಿ ಹಿಡಿದು ಕೂತು ಚೌಕ ಚೌಕಕ್ಕೂ ವಿಚಾರಿಸುತ್ತಿದ್ದ. ಊರವರು ಬಂದರೆ ಕುಂಚ ಅವನ ಕೈಗೆ ಹೋಗಬೇಕು. ಮೂಲೆಯಲ್ಲಿ ಅವನ ರುಜುವನ್ನೂ ನಾನೇ ಹಾಕುತ್ತಿದ್ದೆ.

ಒಂದು ದಿನ, ಬುರುಜಿನ ಗೆರೆ ಐದನೇ ಚೌಕದೊಳಗೇ ನಿಂತಿತೋ ಎಂದು ಕೇಳಿದ. ಕೂದಲೆಳೆಯಷ್ಟು ಆಚೆ ಹೋಗಿದೆ ಎಂದೆ. ಬಣ್ಣಕ್ಕೆ ಹಾಕುವ ಸರೇಸು ಪಕ್ಕದಲ್ಲಿ ಕುದಿಯುತ್ತಿತ್ತು. ಅದರೊಳಗಿದ್ದ ಚಿಪ್ಪಿನ ಸವಟನ್ನು ಎತ್ತಿ ನನ್ನ ದನಿ ಬಂದ ಕಡೆ ಒಗೆದ. ಕುದಿಯುವ ಅಂಟು ನನ್ನ ಎಡ ಹುಬ್ಬಿನ ಮೇಲೆ ಕೂತು ಚರ್ಮ ಕಿತ್ತುಕೊಂಡೇ ಬಂತು. ನಾನು ಕೂಗಲಿಲ್ಲ, ಕೂಗಿದರೆ ಮತ್ತೊಂದು ಬೀಳುತ್ತದೆ. ಎಲ್ಲಿ ಬಿತ್ತು ಎಂದು ಅವನಿಗೆ ಕಾಣಲೂ ಇಲ್ಲ, ಅವನು ಕೇಳಲೂ ಇಲ್ಲ. ಆ ಹುಬ್ಬಿನ ಅರ್ಧ ಭಾಗದಲ್ಲಿ ಆಮೇಲೆ ಕೂದಲು ಬರಲೇ ಇಲ್ಲ. ಶಿರಾಲಿಯಿಂದ ನನ್ನನ್ನು ನೋಡಲು ಬಂದವರು ಹುಬ್ಬು ನೋಡಿದರು, ಅವಲಕ್ಕಿ ತಿಂದರು, ತಾರಿ ದೋಣಿ ತಪ್ಪುತ್ತದೆ ಎಂದು ಎದ್ದು ಹೋದರು.

ಈಗ ಆ ಮಳೆಗಾಲಕ್ಕೆ ಬರುತ್ತೇನೆ. ನನಗೆ ಹತ್ತೊಂಬತ್ತು. ಆಷಾಢದಲ್ಲಿ ನಮ್ಮ ಕಡೆ ಗೋಡೆಗೂ ಬೂಷ್ಟು, ಚಪ್ಪಲಿಗೂ ಬೂಷ್ಟು. ಬಿತ್ತನೆಯ ಬೀಜ, ಬೆಂಕಿಪೆಟ್ಟಿಗೆ, ಪಂಚಾಂಗ, ಕಾಗದಪತ್ರ, ಹಾಳಾಗಬಾರದು ಎನ್ನುವುದೆಲ್ಲ ಒಲೆಯ ಮೇಲಿನ ಅಟ್ಟ ಸೇರುತ್ತದೆ. ಕೆಳಗಿನ ಹೊಗೆಗೆ ಅಲ್ಲಿ ಹುಳವೂ ಇಲ್ಲ, ಬೂಷ್ಟೂ ಇಲ್ಲ. ಚಿತ್ರದ ಗಾಜಿನೊಳಗೆ ಬಿಳಿ ಚುಕ್ಕೆ ಏಳುತ್ತಿರುವುದನ್ನು ಆಯಿ ನೋಡಿದಳು. ಗಂಡನ ಜೀವ ಅದರಲ್ಲಿದೆ, ಅವನಿಗೆ ಕಣ್ಣಿಲ್ಲ, ತಾನಾದರೂ ಕಾಯಬೇಕು ಎಂದುಕೊಂಡಳು. ಅವನು ಊರಿನಲ್ಲಿ ಇಲ್ಲದ ಒಂದು ವಾರ ಅದನ್ನು ಇಳಿಸಿ ಬೀಜದ ಹುಲ್ಲಿನ ಮುಡಿಯ ಪಕ್ಕದಲ್ಲಿ ಅಟ್ಟದ ಮೇಲೆ ಇಟ್ಟಳು. ಅವಳ ಅತ್ತೆಯೂ, ಅತ್ತೆಯ ಅತ್ತೆಯೂ ಬೆಲೆಬಾಳುವುದನ್ನು ಹಾಗೇ ಕಾಯ್ದದ್ದು. ನಾನೂ ನೋಡಿದೆ, ನನಗೂ ತಪ್ಪೆಂದು ಹೊಳೆಯಲಿಲ್ಲ.

ಅಪ್ಪಯ್ಯ ಬಂದ ಮಾರನೇ ಬೆಳಿಗ್ಗೆ ಎಂದಿನಂತೆ ಗಾಜು ಒರೆಸಲು ಗೋಡೆ ತಡವಿದ. ಬರೀ ಮೊಳೆ. ಆಯಿ ಓಡಿ ಹೋಗಿ ಅಟ್ಟದಿಂದ ಇಳಿಸಿ ತಂದು ಕೊಟ್ಟಳು. ಅವನು ಅದನ್ನು ಮೂಗಿನ ಹತ್ತಿರ ಹಿಡಿದು ಹೊಗೆಯ ವಾಸನೆ ನೋಡಿದ.

"ಎಂತ ಆತು ನೋಡಿ ಹೇಳು, ತಂಗಿ. ಸುಳ್ಳು ಹೇಳ್ಬೇಡ" ಎಂದ. ನಮ್ಮ ಕಡೆ ಮಗಳನ್ನೂ ತಂಗಿ ಎಂದೇ ಕರೆಯುತ್ತಾರೆ.

ನೋಡಿದೆ. ಚೌಕಟ್ಟಿನ ಸಂದಿಯಿಂದ ಹೊಗೆ ನುಗ್ಗಿ ಆಕಾಶ ಚಹಾ ಚೆಲ್ಲಿದ ಹಾಗೆ ಕಂದಾಗಿತ್ತು, ಬಿಳಿ ಗುಡ್ಡಗಳು ಹಳದಿಗೆ ತಿರುಗಿದ್ದವು. ನೆಟ್ಟಗಿದೆ ಎಂದುಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು, ಅವನಿಗೆ ಕಾಣುತ್ತಿರಲಿಲ್ಲವಲ್ಲ. ಆದರೆ ಐದನೇ ಚೌಕವಾದರೂ ಸರಿ, ಆಕಾಶವಾದರೂ ಸರಿ, ಇದ್ದದ್ದನ್ನು ಇದ್ದ ಹಾಗೆ ಹೇಳುವ ಕೆಟ್ಟ ಚಟ ನನ್ನದು. ಹೊಗೆ ಹಿಡಿದು ಕಂದಾಗಿದೆ ಎಂದೆ.

ಅವನು ಆಯಿಯ ತುರುಬಿಗೆ ಕೈ ಹಾಕಿ ಎಳೆದ. ಬಾಗಿಲ ಹಿಂದಿನ ಗಜಕಡ್ಡಿ ಹುಡುಕಲು ಅವನಿಗೆ ಕಣ್ಣು ಬೇಕಿರಲಿಲ್ಲ. ಬೆನ್ನಿಗೆ, ಭುಜಕ್ಕೆ, ಕುತ್ತಿಗೆಗೆ ಹೊಡೆದ, ಸಿಕ್ಕಿದಲ್ಲಿ ಹೊಡೆದ. ನಾನು ಅವನ ಸೊಂಟ ಹಿಡಿದು ಎಳೆದರೆ ಮೊಣಕೈಯಿಂದ ನನ್ನ ಬಾಯಿಗೆ ಕೊಟ್ಟ, ಹಲ್ಲು ತುಟಿಯೊಳಗೆ ಹೋಯಿತು. ಆಯಿ ತಲೆಗೆ ಬೀಳುವುದನ್ನು ತಪ್ಪಿಸಲು ಬಲಗೈ ಅಡ್ಡ ತಂದಳು. ತೆಂಗಿನ ಒಣ ಮಡಲಿನ ದಂಟು ಮುರಿದಂಥ ಸದ್ದು ಬಂತು. ಆಯಿ ಅಳಲಿಲ್ಲ, ಕೂತಲ್ಲೇ ಕೂತು ತನ್ನ ಕೈಯನ್ನು ಬೇರೆಯವರದ್ದೆಂಬಂತೆ ನೋಡಿದಳು. ಅವನು ಕಡ್ಡಿ ಕೆಳಗೆ ಹಾಕಿ ಏದುಸಿರು ಬಿಟ್ಟ.

"ಪೊರೆ ತೆಗ್ಸಿ ಕಣ್ಣು ಬರ್ಲಿ. ಚಿತ್ರ ನೋಡ್ತೆ. ಅದ್ರಲ್ಲಿ ಒಂದು ಕಲೆ ಕಂಡ್ರೂ ಇನ್ನೊಂದು ಕೈ ಮುರೀತೆ" ಎಂದ. ಹಾಗೆಂದು ಜಗಲಿಗೆ ಹೋಗಿ ಚಹಾ ಕೇಳಿದ.

ಮೂಳೆ ಕಟ್ಟುವವನು ಬಂದು ಬಿದಿರಿನ ಸೀಳು ಇಟ್ಟು ಬಿಗಿದ. ಬಾವಿಕಟ್ಟೆಯಲ್ಲಿ ಜಾರಿದೆ ಎಂದು ಆಯಿ ಅವನಿಗೆ ಹೇಳಿದಳು. ಅವನು ಅವಳ ಬೆನ್ನಿನ ಬಾಸುಂಡೆ ನೋಡಿ, ಹೌದು, ಈ ವರ್ಷ ಬಾವಿಕಟ್ಟೆ ಬಹಳ ಜಾರುತ್ತದೆ ಎಂದ. ಸಂಜೆ ಅಪ್ಪಯ್ಯ ಪೇಟೆಗೆ ಹೋದದ್ದೇ ನಾನು ಚಿತ್ರದ ಹಿಂದಿನ ಮೊಳೆ ಕಿತ್ತು ಕಾಗದ ಹೊರಗೆ ತೆಗೆದೆ. ಬಾವಿಯ ಹತ್ತಿರ ಬಾನಿಯಲ್ಲಿ ಬಟ್ಟೆಗೆಂದು ಅಂಟುವಾಳದ ನೀರಿತ್ತು. ಅದರೊಳಗೆ ಅದ್ದಿದೆ. ಅಂಗೈಯಿಂದ ತಿಕ್ಕಿದೆ, ತೆಂಗಿನ ನಾರು ತಂದು ತಿಕ್ಕಿದೆ. ಮೊದಲು ಆಕಾಶ ಹೋಯಿತು, ಆಮೇಲೆ ಗುಡ್ಡ, ಆಮೇಲೆ ನೀರು, ಕೊನೆಗೆ ಕೋಟೆ. ಆಹಾ, ಅದೆಷ್ಟು ಹಿತವಾಗಿತ್ತು ಎಂದರೆ ಹೇಳಲು ನಾಚಿಕೆಯಾಗುತ್ತದೆ. ಅಪ್ಪಯ್ಯನಿಗೆ ಹೊಡೆಯುವಾಗ ಹೀಗೇ ಆಗುತ್ತದೋ ಏನೋ ಎಂದು ಆಗಲೇ ಅನಿಸಿತ್ತು. ಅವನ ಸಿಟ್ಟು ನನಗೂ ಬಂದಿದೆ, ಇಲ್ಲ ಎಂದು ಹೇಳಲಾರೆ.

ಉಳಿದದ್ದು ಬಟ್ಟೆಯಂತೆ ಗಟ್ಟಿಯಾದ ಮಾಸಲು ಕಾಗದ, ಅದರ ಮೇಲೆ ಚಿತ್ರ ಬರೆದ ಯಾರೋ ಬಿಳಿಯನು ಎಳೆದ ಸೀಸದಕಡ್ಡಿಯ ಮಸುಕು ಗೆರೆ. ಒಣಗಿಸಿ ಮತ್ತೆ ಚೌಕಟ್ಟಿಗೆ ಹಾಕಿ ಮೊಳೆಗೆ ನೇತುಹಾಕಿದೆ. ಆಯಿ ನೋಡಿದಳು. ನಾನು ಏನೋ ಗೆದ್ದವಳಂತೆ ನಿಂತಿದ್ದೆ.

"ಇನ್ನೊಂದು ಕೈ ಅಂದ್ರಲ್ಲ, ಅದು ನಿನ್ನ ಕೈ ಅಂತ ಮಾಡಿದ್ಯ? ಅದು ನಂದು" ಎಂದಳು.

ಹೊಗೆಯ ಕಲೆಗೆ ಒಂದು ಕೈ ಹೋದರೆ ಖಾಲಿ ಕಾಗದಕ್ಕೆ ಏನು ಹೋಗಬಹುದು? ಮಾಡಿದವಳು ನಾನು, ಏಟು ತಿನ್ನುವವಳು ಅವಳು. ಇಷ್ಟು ಸರಳ ವಿಚಾರ ತಿಕ್ಕುವ ಮೊದಲು ನನ್ನ ತಲೆಗೆ ಬಂದಿರಲಿಲ್ಲ.

ಆಮೇಲಿನ ಮೂರು ತಿಂಗಳು ಅಪ್ಪಯ್ಯ ದಿನಾ ಬೆಳಿಗ್ಗೆ ಆ ಖಾಲಿ ಕಾಗದದ ಗಾಜನ್ನು ಪಂಚೆಯ ಚುಂಗಿನಿಂದ ಒರೆಸಿದ. ಶಿರಾಲಿಯ ನಾಟಕ ಮಂಡಳಿ ನಡೆಸುವ ಅಂಗಡಿಕಾರರೊಬ್ಬರು ಹೊಸ ಪರದೆ ಬರೆಸಲು ಬಂದಾಗ ಅವರನ್ನು ಅದರ ಮುಂದೆ ನಿಲ್ಲಿಸಿ, ಆ ನೀರಿನ ನೆರಳು ನೋಡಿ, ಬುರುಜು ನೋಡಿ ಎಂದು ಬೆರಳಿಟ್ಟು ತೋರಿಸಿದ. ಅವರು ಕಾಗದ ನೋಡಿದರು, ನನ್ನ ಮುಖ ನೋಡಿದರು, ಆಯಿಯ ಕಟ್ಟಿದ ಕೈ ನೋಡಿದರು, ಬಾಗಿಲ ಹಿಂದಿನ ಗಜಕಡ್ಡಿ ನೋಡಿದರು. ಭಾರೀ ಚಿತ್ರ, ಒಂದು ಹುಳುಕಿಲ್ಲ ಎಂದರು. ಅವರು ಹೋದಮೇಲೆ ನನಗೆ ನಗು ತಡೆಯಲಾಗಲಿಲ್ಲ. ಆಯಿ ನಗಲಿಲ್ಲ.

ಮಳೆ ಬಿಟ್ಟಮೇಲೆ ಕುಮಟಾದ ಶಾಲೆಯೊಂದರಲ್ಲಿ ಕಣ್ಣಿನ ಶಿಬಿರ ಎಂದು ಡಂಗುರ ಹೊಡೆದರು. ದೊಡ್ಡ ಊರಿನ ಡಾಕ್ಟರು ಬಂದು ಪೊರೆ ತೆಗೆಯುತ್ತಾರಂತೆ. ಹೊನ್ನಾವರದ ಉಳಿದ ಮುದುಕರೆಲ್ಲ ಕಣ್ಣು ಬರಲಿ ಎಂದು ದೇವರಿಗೆ ಹರಕೆ ಹೊತ್ತರು. ನಾನು ಶಿಬಿರ ರದ್ದಾಗಲಿ ಎಂದು ಹೊತ್ತೆ. ರದ್ದಾಗಲಿಲ್ಲ. ಅಪ್ಪಯ್ಯನನ್ನು ಬಸ್ಸಿಗೆ ಹತ್ತಿಸಿ ಆಯಿಯೂ ಹೋದಳು. ಅವಳ ಕೈಯ ಕಟ್ಟು ಬಿಚ್ಚಿಯಾಗಿತ್ತು, ಆದರೆ ಕೈ ಮೊಣಕೈಯ ಕೆಳಗೆ ಸೊಟ್ಟಗೆ ಕೂಡಿತ್ತು, ಕೊಡ ಎತ್ತಲು ಆಗುತ್ತಿರಲಿಲ್ಲ. ಅಪ್ಪಯ್ಯನ ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ, ತಲೆ ಅಲ್ಲಾಡದಂತೆ ಎರಡು ಕಡೆ ಮರಳಿನ ಚೀಲ ಇಟ್ಟು ಹತ್ತು ದಿನ ಮಲಗಿಸಿದರು. ಆ ಸೊಟ್ಟ ಕೈಯಲ್ಲೇ ಅವಳು ಅವನಿಗೆ ಗಂಜಿ ಕುಡಿಸಿದಳು.

ಆ ಹತ್ತು ದಿನ ನಾನು ಮನೆಯಲ್ಲಿ ಒಬ್ಬಳೇ ಕೂತು ಅದೇ ಕಾಗದದ ಮೇಲೆ ಅದೇ ಚಿತ್ರ ಬರೆದೆ. ಪರದೆಯ ಪುಡಿಬಣ್ಣ ಇದಕ್ಕೆ ಆಗುವುದಿಲ್ಲ. ಪೇಟೆಯಿಂದ ಶಾಲೆಯ ಮಕ್ಕಳ ಬಿಲ್ಲೆ ಬಣ್ಣದ ಡಬ್ಬಿ ತಂದೆ. ಮೂರು ಸಲ ಆಕಾಶ ಕೆಟ್ಟಿತು, ಮೂರು ಸಲ ತೊಳೆದೆ. ಒಂದು ಸಲ ಸಿಟ್ಟು ಬಂದು ಕುಂಚ ಮುರಿದೆ, ಆಮೇಲೆ ಅದಕ್ಕೇ ದಾರ ಸುತ್ತಿದೆ. ಸೀಸದಕಡ್ಡಿಯ ಗೆರೆ ಮಸುಕಾದ ಕಡೆ ಕೈಗೆ ರೂಢಿಯಾದದ್ದನ್ನೇ ಹಾಕುತ್ತ ಹೋದೆ. ಆ ಕೋಟೆಯನ್ನು ಎಷ್ಟು ಸಲ ಬರೆದಿಲ್ಲ ನಾನು! ಒಂದೊಂದು ಕಲ್ಲೂ ಆಯಿಯ ಉಳಿದ ಕೈ ಎಂದುಕೊಂಡು ಬರೆದೆ. ಮುಗಿದಾಗ ನನಗೇ ಇದು ಹಳೆಯದೋ ಹೊಸದೋ ತಿಳಿಯದಷ್ಟು ಹತ್ತಿರ ಬಂದಿತ್ತು.

ಒಂದೂವರೆ ತಿಂಗಳ ಮೇಲೆ ಕನ್ನಡಕ ಬಂತು, ಬಾಟಲಿಯ ತಳದಷ್ಟು ದಪ್ಪದ ಗಾಜು. ಅಪ್ಪಯ್ಯ ಅದನ್ನು ಕಿವಿಗೆ ಸಿಕ್ಕಿಸಿಕೊಂಡು ನೇರ ಗೋಡೆಯ ಹತ್ತಿರ ಹೋದ. ಆಯಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಸೊಟ್ಟ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು. ಅವನು ಬಹಳ ಹೊತ್ತು ನೋಡಿದ.

"ಹೊಗೇನೂ ಇಲ್ಲ, ಎಂತದೂ ಇಲ್ಲ" ಎಂದ ಕೊನೆಗೆ. ದನಿ ಮೆತ್ತಗಾಗಿತ್ತು. "ಆಕಾಶ ಹಾಂಗೇ ಅದೆ. ಮೆಟ್ಲು ಸೈತ ಏಳಕ್ಕೆ ಏಳೂ ಹಾಂಗೇ ಅದೆ."

ಮೆಟ್ಟಿಲು! ನಾನು ಚಿತ್ರ ನೋಡಿದೆ. ಹೌದು, ಬಾಗಿಲಿನಿಂದ ನೀರಿಗೆ ಏಳು ಮೆಟ್ಟಿಲು. ಪರದೆಯ ರೂಢಿಗೆ ನನ್ನ ಕೈ ಅದನ್ನೂ ಹಾಕಿಬಿಟ್ಟಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಗೊತ್ತಾಗಬೇಕಿದ್ದದ್ದು ಅವನಿಗೆ. ಯಾವ ಚಿತ್ರಕ್ಕಾಗಿ ನನ್ನ ತಾಯಿಯ ಕೈ ಮುರಿದನೋ ಆ ಚಿತ್ರ ಹೇಗಿತ್ತು ಎನ್ನುವುದೇ ಅವನಿಗೆ ನೆನಪಿರಲಿಲ್ಲ.

ಅವನು ಆಯಿಯ ಕಡೆ ತಿರುಗಿ, ಸುಮ್ಮನೆ ಹೊಡೆದುಬಿಟ್ಟೆ ನಿನಗೆ ಎಂದ. ನನ್ನ ಕಡೆ ಕೈ ಮಾಡಿ, ಇವಳು ಕಂದಾಗಿದೆ ಎಂದು ಸುಳ್ಳು ಹೇಳಿದಳು, ಇವಳ ಮಾತು ಕೇಳಿ ಹೊಡೆದೆ ಎಂದ. ಆಯಿ ನನ್ನನ್ನೇ ನೋಡುತ್ತಿದ್ದಳು. ಬಾಯಿ ಮುಚ್ಚಿಕೊಂಡಿರು ಎನ್ನುವುದು ಆ ನೋಟ. ಮುಚ್ಚಿಕೊಂಡೇ ಇದ್ದೆ, ದೇವರಾಣೆ. ಚಿತ್ರ ಉಳಿಯಿತು, ಅವಳ ಕೈ ಉಳಿಯಿತು, ಸುಳ್ಳಿ ಎನ್ನಿಸಿಕೊಂಡರೆ ನನ್ನ ಗಂಟೇನು ಹೋಯಿತು ಎಂದು ಹಲ್ಲು ಕಚ್ಚಿದೆ. ಅಷ್ಟರಲ್ಲಿ ಅವನು ದೊಡ್ಡ ಮನಸ್ಸು ಮಾಡಿ ನನ್ನ ತಲೆ ತಟ್ಟಿದ.

"ಹೋಗ್ಲಿ ಬಿಡು, ತಂಗಿ. ಆದದ್ದು ಆತು" ಎಂದ.

ನನ್ನನ್ನು ಕ್ಷಮಿಸಿದ! ನನ್ನ ಮೈಗೆ ಬೆಂಕಿ ಬಿತ್ತು. ಕಲೆ ಇಲ್ಲದಿದ್ದರೆ ಹೊಡೆದದ್ದು ತಪ್ಪು, ಕಲೆ ಇದ್ದರೆ ಹೊಡೆದದ್ದು ಸರಿಯೋ?

"ನಾ ಸುಳ್ಳು ಹೇಳ್ಲಿಲ್ಲ" ಎಂದೆ. "ಹೊಗೆ ಹಿಡದಿತ್ತು. ನೀ ಆಯಿ ಕೈ ಮುರದ ದಿನ ಅದನ್ನ ಬಾನಿಗೆ ಹಾಕಿ ತೊಳದವಳು ನಾನು. ಇದು ನಾ ಬರದದ್ದು. ಆ ಕೋಟೆಗೆ ಮೆಟ್ಲೇ ಇರ್ಲಿಲ್ಲ."

ಅವನು ಗೋಡೆಗೆ ತಿರುಗಿದ, ಮತ್ತೆ ನನ್ನ ಕಡೆ ತಿರುಗಿದ. ಗಜಕಡ್ಡಿ ಕೈಗೆ ಬಂದದ್ದು ನನಗೆ ಕಾಣಲೇ ಇಲ್ಲ. ಹೊಸ ಕನ್ನಡಕದಲ್ಲಿ ದೂರ ಹತ್ತಿರ ತಿಳಿಯದೆ ಮೊದಲ ಏಟು ಬಾಗಿಲ ಚೌಕಟ್ಟಿಗೆ ಬಿತ್ತು, ಎರಡನೆಯದು ನನ್ನ ಹೆಗಲಿಗೆ. ಮೂರನೆಯದಕ್ಕೆ ನಾನು ಕಡ್ಡಿ ಹಿಡಿದೆ. ಜೀವಮಾನದಲ್ಲಿ ಮೊದಲ ಸಲ ಹಿಡಿದೆ. ಅವನು ಎಳೆದ, ನಾನೂ ಎಳೆದೆ, ಎಳೆದ ರಭಸಕ್ಕೆ ಅವನ ಮುಖ ನನ್ನ ಮುಖದ ಹತ್ತಿರಕ್ಕೇ ಬಂತು. ಆ ದಪ್ಪ ಗಾಜಿನ ಹಿಂದೆ ಅವನ ಕಣ್ಣು ಎಮ್ಮೆಯ ಕಣ್ಣಿನಷ್ಟು ದೊಡ್ಡದಾಗಿ ಕಂಡಿತು. ಅದು ನನ್ನ ಹುಬ್ಬಿನ ಮೇಲೆ ನಿಂತಿತು.

"ಆ ಹುಬ್ಬಿಗೆ ಎಂತ ಆತು?" ಎಂದ.

ನಿಜವಾಗಿ ಕೇಳಿದ. ಅವನಿಗೆ ನಿಜವಾಗಿ ಗೊತ್ತಿರಲಿಲ್ಲ. ಉತ್ತರ ಆಯಿಯ ಕಡೆಯಿಂದ ಬಂತು.

"ನಿಮ್ಮ ಸರೇಸಿನ ಸವಟು. ಮೂರು ವರ್ಷ ಆತು" ಎಂದಳು. ಹತ್ತಿರ ಬಂದು ಸೆರಗು ಬಿಡಿಸಿ ಸೊಟ್ಟ ಕೈಯನ್ನು ಅವನ ಕನ್ನಡಕದ ಮುಂದೆ ಹಿಡಿದಳು. "ಇದೂ ನೋಡಿ. ಈಗ ಕಾಣ್ತದಲ್ಲ."

ಅವನು ನೋಡಿದ. ಚಿತ್ರವನ್ನು ನೋಡಿದಷ್ಟು ಹೊತ್ತು ನೋಡಲಿಲ್ಲ. ಗಜಕಡ್ಡಿ ನನ್ನ ಕೈಯಲ್ಲೇ ಉಳಿಯಿತು. ಅದನ್ನು ಅವನ ಮೇಲೆ ಎತ್ತಬೇಕೆಂದು ನನ್ನ ಕೈ ಎಷ್ಟು ತುಡಿಯಿತು ಎಂದು ನನಗೆ ಗೊತ್ತು. ಒಲೆಗೆ ಹಾಕಿದೆ. ಮತ್ತಿ ಮರ, ಉರಿಯಲು ಎರಡು ದಿನ ಬೇಕಾಯಿತು.

ಅವನು ಆಮೇಲೆ ನಮ್ಮ ಮೇಲೆ ಕೈ ಎತ್ತಲಿಲ್ಲ. ಬಾಯಿ ಮಾತ್ರ ಸಾಯುವವರೆಗೆ ನಿಲ್ಲಲಿಲ್ಲ. ಬದಲಾದ, ಪಶ್ಚಾತ್ತಾಪಪಟ್ಟ ಎಂದೆಲ್ಲ ಬರೆಯಲು ನನಗೆ ಮನಸ್ಸಿಲ್ಲ, ಏಕೆಂದರೆ ಅವನು ಮಾಡಿದ್ದು ಇಷ್ಟು: ಪೇಟೆಯಲ್ಲಿ, ಬಂದರಿನಲ್ಲಿ, ಪರದೆಯ ಮುಂದೆ ಆ ಕನ್ನಡಕ ಹಾಕಿಕೊಂಡು ಎಲ್ಲರನ್ನೂ ಎಲ್ಲವನ್ನೂ ನೋಡುತ್ತಿದ್ದ. ಮನೆಗೆ ಬಂದರೆ ಹೊಸ್ತಿಲಲ್ಲೇ ಅದನ್ನು ತೆಗೆದು ಅಂಗಿಯ ಕಿಸೆಗೆ ಹಾಕಿ, ಗೋಡೆ ತಡವುತ್ತ ಒಳಗೆ ಬಂದು, ತಡವುತ್ತಲೇ ಊಟಕ್ಕೆ ಕೂರುತ್ತಿದ್ದ. ಆಯಿ ಆ ಸೊಟ್ಟ ಕೈಯಲ್ಲಿ ಬಡಿಸುತ್ತಿದ್ದಳು.